ಹೊನ್ನಮ್ಮ ಆರಿಸಿದ ಹೆಡ್‌ಫೋನು

“ಇದ್ರಲ್ಲೂ ಒಂದ್ ಕಡೆ ಬತ್ತಿಲ್ಲ,” ಎಂದಳು ಹೊನ್ನಮ್ಮ.

ತಲೆಯ ಮೇಲಿದ್ದ ಹೆಡ್‌ಫೋನನ್ನು ಎರಡೂ ಕೈಯಿಂದ ತೆಗೆದು ಮೇಜಿನ ಮೇಲೆ ಮೆಲ್ಲಗೆ ಇಟ್ಟಳು. ಅದು ಎರಡನೆಯದು. ಮೊದಲನೆಯದರಲ್ಲೂ ಹೀಗೇ ಆಗಿತ್ತು. ಬಲಗಡೆ ವೀಣೆ ಕೇಳಿಸಿತ್ತು, ಎಡಗಡೆ ಏನೂ ಇರಲಿಲ್ಲ.

ಹಾಸನದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಕೆಂಪಣ್ಣನವರ ರೇಡಿಯೋ ರಿಪೇರಿ ಅಂಗಡಿ. ಗೋಡೆಯ ಮೇಲಿದ್ದ ದೊಡ್ಡ ರೇಡಿಯೋದ ಹಿಂದಿನಿಂದ ಎರಡು ವೈರು ಎಳೆದು, ಅದಕ್ಕೆ ಒಂದೊಂದೇ ಹೆಡ್‌ಫೋನು ಸಿಕ್ಕಿಸಿ ಅವರು ತೋರಿಸುತ್ತಿದ್ದರು.

ಹೊನ್ನಮ್ಮ ಅರಕಲಗೂಡಿನ ಸ್ಕೂಲಿನಲ್ಲಿ ಐದನೇ ಕ್ಲಾಸು. ಅವಳ ಚಿಕ್ಕಪ್ಪ ಮಂಚಯ್ಯ ಅಲ್ಲೇ ಕರೆಂಟ್ ಆಫೀಸಿನಲ್ಲಿ ವೈರ್‌ಮನ್. ಬೇಸಗೆ ರಜೆಯಲ್ಲಿ ಇಬ್ಬರೂ ಸೇರಿ ಮರದ ಡಬ್ಬಿಯೊಳಗೆ ಒಂದು ಪುಟ್ಟ ರೇಡಿಯೋ ಮಾಡಿದ್ದರು. ರಟ್ಟಿನ ಕೊಳವೆಗೆ ತೆಳುವಾದ ತಾಮ್ರದ ತಂತಿಯನ್ನು ಒತ್ತೊತ್ತಾಗಿ ಸುತ್ತಿದವಳು ಹೊನ್ನಮ್ಮ. ಒಂದು ಸುತ್ತೂ ತಪ್ಪಿರಲಿಲ್ಲ. ಆದರೆ ಆ ಸೆಟ್ಟಿಗೆ ಸ್ಪೀಕರ್ ಕೂಗಿಸುವಷ್ಟು ಬಲವಿಲ್ಲ. ಹೆಡ್‌ಫೋನಿನಲ್ಲೇ ಕೇಳಬೇಕು.

ತಂತಿ ಸುತ್ತಿದವಳು ನೀನು, ಆರಿಸುವವಳೂ ನೀನೇ ಎಂದು ಹೇಳಿ ಚಿಕ್ಕಪ್ಪ ಶನಿವಾರದ ಬಸ್ಸಿಗೆ ಅವಳನ್ನು ಕರೆದುಕೊಂಡು ಬಂದಿದ್ದ. ಹೆಡ್‌ಫೋನು ಎಂಬುದನ್ನು ಹೊನ್ನಮ್ಮ ಕಿವಿಗೆ ಇಟ್ಟುಕೊಂಡದ್ದು ಇವತ್ತೇ ಮೊದಲು.

ಕೆಂಪಣ್ಣ ಎರಡನೆಯ ಹೆಡ್‌ಫೋನನ್ನು ತಮ್ಮ ಕಿವಿಗೆ ಹಾಕಿಕೊಂಡರು. ಕನ್ನಡಕದ ಮೇಲಿಂದ ಅವಳನ್ನು ನೋಡಿದರು.

“ಎಲ್ಡೂ ಕಡೆ ಚೆನ್ನಾಗೇ ಬತ್ತಾ ಅದಲ್ಲವ್ವ,” ಎಂದರು. ಆಮೇಲೆ ಅದನ್ನು ಹಿಂದುಮುಂದಾಗಿ ತಿರುಗಿಸಿ, ಎಡದ ಬಿಲ್ಲೆ ಬಲಗಿವಿಗೆ, ಬಲದ ಬಿಲ್ಲೆ ಎಡಗಿವಿಗೆ ಬರುವಂತೆ ಅವಳ ತಲೆಗೆ ಹಾಕಿದರು.

ಹೊನ್ನಮ್ಮ ಉಸಿರು ಬಿಗಿಹಿಡಿದು ಕೇಳಿದಳು.

ಆಗಲೇ ಸುಮ್ಮನಿದ್ದ ಬಿಲ್ಲೆಯಲ್ಲಿ ಈಗ ವೀಣೆ ಬರುತ್ತಿತ್ತು. ಆಗ ಚೆನ್ನಾಗಿ ಕೇಳಿಸುತ್ತಿದ್ದ ಬಿಲ್ಲೆ ಈಗ ಎಡಗಿವಿಯ ಮೇಲೆ ಕುಳಿತು ಸುಮ್ಮನಾಗಿಬಿಟ್ಟಿತ್ತು.

ಅವಳಿಗೆ ತಟ್ಟನೆ ಗೊತ್ತಾಯಿತು. ಕೆಟ್ಟಿರುವುದು ಹೆಡ್‌ಫೋನಲ್ಲ.

ಅವಳ ಬೀದಿಯಲ್ಲಿ ಒಬ್ಬ ಮುದುಕನನ್ನು ಹುಡುಗರು ಕಿವುಡ, ಕಿವುಡ ಎಂದು ಅಟ್ಟಿಸಿಕೊಂಡು ಹೋಗುತ್ತಿದ್ದರು. ಅದು ನೆನಪಿಗೆ ಬಂತು. ಅವ್ವ ಒಲೆಯ ಹತ್ತಿರದಿಂದ ಕೂಗಿ ಕೂಗಿ ಕೊನೆಗೆ ಸೌಟು ಹಿಡಿದು ಬರುತ್ತಿದ್ದುದೂ, ಕ್ಲಾಸಿನಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿದಾಗ ಸುಮ್ಮನೆ ಕೂತಿದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸಿದ್ದೂ ನೆನಪಾಯಿತು.

“ಈಗ ಸರಿ ಆಯ್ತು,” ಎಂದು ಸುಳ್ಳು ಹೇಳಿದಳು. “ಎಲ್ಡೂ ಕಡೆ ಬತ್ತಾ ಐತೆ.”

ಮಂಚಯ್ಯ ಅವಳ ಮುಖವನ್ನೇ ನೋಡುತ್ತಿದ್ದ. ಹೆಡ್‌ಫೋನು ತೆಗೆದು ಕೆಳಗಿಟ್ಟ. ಅವಳ ಬೆನ್ನ ಹಿಂದೆ ಹೋಗಿ ಎಡಗಡೆ ನಿಂತು, ಮೆಲ್ಲಗೆ ಅವಳ ಹೆಸರು ಹಿಡಿದು ಕರೆದ. ಹೊನ್ನಮ್ಮ ತಿರುಗಲಿಲ್ಲ. ಇನ್ನೊಂದು ಸಲ ಕರೆದ. ಅವಳು ಮೇಜಿನ ಮೇಲಿದ್ದ ಸ್ಕ್ರೂಗಳನ್ನು ನೋಡುತ್ತಲೇ ಇದ್ದಳು. ಕೆಂಪಣ್ಣ ರೇಡಿಯೋದ ದನಿ ತಗ್ಗಿಸಿದರು.

ಮಂಚಯ್ಯ ಈಚೆ ಬಂದು ಅವಳ ಬಲಗಡೆ ಕುಕ್ಕುರುಗಾಲಿನಲ್ಲಿ ಕೂತ.

“ಹೊನ್ನಿ, ಆ ಕಿವೀಲಿ ಯಾವಾಗಿಂದ ಕೇಳ್ತಿಲ್ಲ ಮಗಾ?”

ಹೊನ್ನಮ್ಮ ತಲೆ ತಗ್ಗಿಸಿದಳು. “ಗೊತ್ತಿಲ್ಲ ಚಿಕ್ಕಪ್ಪ. ಎಲ್ಲಾರ್ಗೂ ಇಂಗೇ ಅನ್ಕಂಡಿದ್ದೆ.”

ಮಂಚಯ್ಯನಿಗೆ ಹಳೆಯದೊಂದು ನೆನಪಾಯಿತು. ಅವಳು ಒಂದನೇ ಕ್ಲಾಸಿನಲ್ಲಿದ್ದಾಗ ಜ್ವರ ಬಂದು, ಒಂದು ತಿಂಗಳು ಕಿವಿ ಸೋರಿತ್ತು. ಎಣ್ಣೆ ಬಿಟ್ಟು ಬಿಟ್ಟು ಸೋರುವುದು ನಿಂತ ಮೇಲೆ, ವಾಸಿಯಾಯಿತು ಎಂದು ಮನೆಯವರೆಲ್ಲ ಮರೆತಿದ್ದರು. ಅದನ್ನು ಅವನು ಕೆಂಪಣ್ಣನವರಿಗೆ ಹೇಳಿದ.

ಶನಿವಾರ ಮಧ್ಯಾಹ್ನ ಕಿವಿ ಡಾಕ್ಟರು ಸಿಗುವುದಿಲ್ಲ, ಸೋಮವಾರ ಬೆಳಿಗ್ಗೆ ಬೇಗ ಬಂದು ದೊಡ್ಡಾಸ್ಪತ್ರೆಯಲ್ಲಿ ಚೀಟಿ ಮಾಡಿಸಿ ಎಂದರು ಕೆಂಪಣ್ಣ. ಡಾಕ್ಟರು ಏನು ಹೇಳುತ್ತಾರೋ ಕೇಳೋಣ ಎಂದ ಮಂಚಯ್ಯ. ಆಫೀಸಿಗೆ ರಜಾ ಹಾಕಿ ತಾನೇ ಕರೆತರುವುದಾಗಿ ಹೇಳಿದ.

ಆಮೇಲೆ ಹೊನ್ನಮ್ಮನ ಕಡೆ ತಿರುಗಿ, “ನಾನೂ ಬೈದಿದ್ದೆ ನಿಂಗೆ. ಕರದ್ರೆ ಓ ಅನ್ನಾಕಿಲ್ಲ ಅಂತ,” ಎಂದ. ಅಷ್ಟೇ ಹೇಳಿ ಅವಳ ತಲೆ ಸವರಿದ.

ಕೆಂಪಣ್ಣ ಖಾನೆಯಿಂದ ಒಂದು ಪುಟ್ಟ ಪೊಟ್ಟಣ ತೆಗೆದರು. ಅದರಲ್ಲಿ ಒಂದೇ ಕಿವಿಗೆ ಸಿಕ್ಕಿಸುವ ಬಿಲ್ಲೆಯಿತ್ತು. ಪಾಪುವಿಗೆ ಇದೇ ಸಾಕಲ್ಲ, ಯಾಕೆ ಸುಮ್ಮನೆ ದೊಡ್ಡದು ಎಂದು ಅವರು ಒಳ್ಳೆಯ ಮನಸ್ಸಿನಿಂದಲೇ ಕೇಳಿದರು.

ಮಂಚಯ್ಯ ಹೊನ್ನಮ್ಮನ ಕಡೆ ನೋಡಿದ.

ಹೊನ್ನಮ್ಮ ಕಣ್ಣೊರೆಸಿಕೊಂಡಳು. “ಮೂರ್ನೂ ಕೇಳಿ ನೋಡ್ತೀನಿ,” ಎಂದಳು.

ಮೊದಲು ಒಂಟಿ ಬಿಲ್ಲೆ. ಅದರಲ್ಲಿ ವೀಣೆ ತೀರ ಸಣ್ಣಗೆ, ಪಕ್ಕದ ಮನೆಯಲ್ಲಿ ನುಡಿಸಿದ ಹಾಗೆ ಬರುತ್ತಿತ್ತು. ಆಮೇಲೆ ಹೊಳೆಯುವ ಪಟ್ಟಿಯ ಹೊಸ ಹೆಡ್‌ಫೋನು. ಜೋರಾಗಿತ್ತು, ಆದರೆ ಯಾರೋ ತಗಡಿನ ಡಬ್ಬಿಯೊಳಗೆ ಕೂತು ನುಡಿಸಿದ ಹಾಗಿತ್ತು. ಕೊನೆಗೆ ಮಿಲಿಟರಿಯವರು ಹರಾಜು ಹಾಕಿದ್ದ ಕಪ್ಪು ಹೆಡ್‌ಫೋನು. ಅದು ಭಾರ. ಒಂದು ಕಡೆ ಬಣ್ಣ ಕಿತ್ತುಹೋಗಿತ್ತು.

ಅವಳು ಕಣ್ಣು ಮುಚ್ಚಿಕೊಂಡಳು. ದನಿ ಮೆತ್ತಗಿತ್ತು. ಅದರ ಒಳಗೆ ಇನ್ನೊಂದು ಸಣ್ಣ ಸದ್ದಿತ್ತು. ರೇಷ್ಮೆ ಬಟ್ಟೆ ಎಳೆದ ಹಾಗೆ, ಸರ್ ಅಂತ. ಅದು ಏನೆಂದು ತಿಳಿಯುವ ತನಕ ಅವಳು ಅಲುಗಾಡಲಿಲ್ಲ.

“ಇದು,” ಎಂದಳು.

ಅದು ಹಳೆಯದು, ಹೊಸದನ್ನು ನೋಡು ಎಷ್ಟು ಚೆನ್ನಾಗಿದೆ ಎಂದರು ಕೆಂಪಣ್ಣ.

“ಬೆರಳು ತಂತಿ ಮ್ಯಾಲೆ ಜಾರೋದು ಇದ್ರಲ್ಲಿ ಮಾತ್ರ ಕೇಳ್ತದೆ,” ಎಂದಳು ಹೊನ್ನಮ್ಮ.

ಕೆಂಪಣ್ಣ ಹೊಸದನ್ನು ಹಾಕಿಕೊಂಡು ಕೇಳಿದರು. ಆಮೇಲೆ ಕಪ್ಪನೆಯದನ್ನು ಹಾಕಿಕೊಂಡರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಬಹಳ ಹೊತ್ತು ಕೇಳಿದರು.

“ಊಂ. ಐತೆ,” ಎಂದರು.

ಅವರು ಅದನ್ನು ಹಳೆಯ ಪೇಪರಿನಲ್ಲಿ ಸುತ್ತುವಾಗ, ಎಡಗಡೆಯ ಬಿಲ್ಲೆ ಬಿಚ್ಚಿಕೊಡಲೇ, ತೂಕ ಕಡಿಮೆಯಾಗುತ್ತದೆ ಎಂದು ಕೇಳಿದರು. ಬೇಡ, ಅದರಲ್ಲಿ ಚಿಕ್ಕಪ್ಪ ಕೇಳುತ್ತಾನೆ ಎಂದಳು ಹೊನ್ನಮ್ಮ.

ಅರಕಲಗೂಡಿನ ಬಸ್ಸು ಇನ್ನೂ ತುಂಬಿರಲಿಲ್ಲ. ಹೊನ್ನಮ್ಮ ಓಡಿಹೋಗಿ ಬಲಗಡೆಯ ಸೀಟಿನಲ್ಲಿ ಕಿಟಕಿ ಹಿಡಿದಳು. ಚಿಕ್ಕಪ್ಪ ಪಕ್ಕದಲ್ಲಿ ಕೂತ. ಬಸ್ಸು ಹೊರಟು ಊರು ದಾಟಿತು. ರಸ್ತೆಯ ಪಕ್ಕದ ಕೆರೆಯಲ್ಲಿ ಎಮ್ಮೆಗಳು ಮುಳುಗಿ ಕೂತಿದ್ದವು. ತಿರುಗಿ ನೋಡಿದರೆ ಚಿಕ್ಕಪ್ಪನ ತುಟಿ ಅಲ್ಲಾಡುತ್ತಿತ್ತು. ಯಾವಾಗಿನಿಂದಲೋ ಏನೋ ಹೇಳುತ್ತಿದ್ದ.

ಬೇರೆ ದಿನವಾಗಿದ್ದರೆ ಅವಳು ಹೂಂ ಎಂದು ತಲೆಯಾಡಿಸಿ ಮತ್ತೆ ಕಿಟಕಿಯ ಕಡೆ ತಿರುಗುತ್ತಿದ್ದಳು.

“ಚಿಕ್ಕಪ್ಪ, ನೀನು ಈ ಕಡೀಕ್ ಬಾ,” ಎಂದು ಎದ್ದು ನಿಂತಳು.

“ಕಿಟಕಿ ಬುಟ್ಕೊಡ್ತೀಯಾ?” ಎಂದು ಅವನು ಆಶ್ಚರ್ಯದಿಂದ ಕೇಳಿದ.

“ಊಂ.”

ಬಸ್ಸು ಕುಲುಕುತ್ತಿದ್ದಾಗಲೇ ಇಬ್ಬರೂ ಕಂಬಿ ಹಿಡಿದು ಜಾಗ ಬದಲಾಯಿಸಿದರು. ಹೊನ್ನಮ್ಮ ಪೇಪರಿನ ಪೊಟ್ಟಣವನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡು, ಬಲಗಿವಿಯನ್ನು ಅವನ ಭುಜಕ್ಕೆ ಹತ್ತಿರ ತಂದಳು.

“ಈಗ ಯೋಳು,” ಎಂದಳು.

ಮಂಚಯ್ಯ ಮೊದಲಿನಿಂದ ಹೇಳತೊಡಗಿದ.