ಮೋಡದ ಬೆಳಕಿನಲ್ಲಿ ತೆಗೆದ ಫೋಟೊ

ಕ್ಯಾಮೆರಾ ಇತ್ತು. ಒಳಗಿನ ಮೆಮೊರಿ ಕಾರ್ಡ್ ಇರಲಿಲ್ಲ.

ಸಂಧ್ಯಾರಾಣಿ ಮುಚ್ಚಳ ತೆಗೆದು ಇನ್ನೊಮ್ಮೆ ನೋಡಿದಳು. ಖಾಲಿ. ಸವಳಂಗದ ಕಲ್ಯಾಣ ಮಂಟಪದಲ್ಲಿ ಹೆಣ್ಣು ಒಪ್ಪಿಸುವ ಶಾಸ್ತ್ರ ಮುಗಿದು, ಮದುಮಗಳು ಸುನೀತಾ ಗಂಡನ ಮನೆಯವರ ಜತೆ ಜಗಳೂರಿನ ದಾರಿ ಹಿಡಿದಿದ್ದಳು. ಹೊರಗೆ ಮಳೆ ಬಿಟ್ಟಿರಲಿಲ್ಲ. ಕ್ಯಾಮೆರಾ ಚೀಲವನ್ನು ಕೋಣೆಯಲ್ಲಿಟ್ಟು ಸಂಧ್ಯಾ ಊಟ ಮಾಡಿ ಬರುವಷ್ಟರಲ್ಲಿ ಇಡೀ ಮದುವೆಯೇ ಮಾಯವಾಗಿತ್ತು.

ನ್ಯಾಮತಿಯಲ್ಲಿ ಸ್ಟುಡಿಯೊ ಹಾಕಿದ ಮೇಲೆ ಅವಳು ಒಬ್ಬಳೇ ಒಪ್ಪಿಕೊಂಡ ಮೊದಲ ಮದುವೆ ಇದು. ಮುಹೂರ್ತವನ್ನು ಇನ್ನೊಮ್ಮೆ ನಡೆಸಿ ಎಂದು ಯಾರನ್ನು ಕೇಳುವುದು?

ಬೆಳಿಗ್ಗೆ ಮೋಡ ಕವಿದಾಗ ಹುಡುಗಿಯ ತಂದೆ ಬಸವರಾಜಪ್ಪ ಚಡಪಡಿಸಿದ್ದರು. "ಬಿಸಿಲೇ ಇಲ್ಲ. ಫೋಟೊ ಹೆಂಗಮ್ಮಾ ಬರ್ತಾವೆ?"

"ಮೋಡ ಇದ್ರೇ ಚೆಂದ ಯಜಮಾನ್ರೆ. ಯಾರೂ ಕಣ್ಣು ಕಿರಿದು ಮಾಡಲ್ಲ, ಮುಖದ ಮೇಲೆ ನೆರಳು ಬೀಳಲ್ಲ. ಎಲ್ಲಾ ನಿಚ್ಚಳ ಕಾಣ್ತೈತೆ."

"ಅಷ್ಟೊಂದು ಫೋಟೊ ಎಲ್ಲಿ ಕೂತಿರ್ತಾವೆ?"

ಅವಳು ಕಾರ್ಡ್ ತೆಗೆದು ತೋರಿಸಿದ್ದಳು. ಅವರು ಮಗುವಿನ ಹಾಗೆ ಬೆರಗಾಗಿದ್ದರು. ಅಡಿಕೆ ವ್ಯಾಪಾರಿ, ತಾಯಿಯಿಲ್ಲದ ಮಗಳನ್ನು ಒಬ್ಬರೇ ಬೆಳೆಸಿದವರು. ಅವರ ಗಡಸು ದನಿ ಸುನೀತಾಳನ್ನು ಕರೆಯುವಾಗ ಮಾತ್ರ ಮೆತ್ತಗಾಗುತ್ತಿತ್ತು.

*

ಮೊದಲ ಅನುಮಾನ ಪರಮೇಶನ ಮೇಲೆ. ಹೊನ್ನಾಳಿಯ ಫೋಟೊಗ್ರಾಫರ್, ನೆಂಟನಾಗಿ ಬಂದಿದ್ದ. ಈ ಮದುವೆ ತನಗೆ ಸಿಗಲಿಲ್ಲವೆಂದು ಮುನಿಸಿಕೊಂಡು, "ಮಳೆಯಾಗೆ ಹೆಣ್ಣುಮಗಳು ಏನು ತೆಗೀತಾಳೆ" ಎಂದು ನಾಲ್ಕು ಜನರೆದುರು ಆಡಿದ್ದ.

"ಪರಮೇಶಣ್ಣ, ನನ್ನ ಕಾರ್ಡ್ ಕಾಣ್ತಿಲ್ಲ."

"ಅದಕ್ಕೆ ನನ್ನ ಮಕ ಯಾಕೆ ನೋಡ್ತೀಯ?" ಅವನಿಗೆ ರೇಗಿತು. ಆದರೂ ಕ್ಯಾಮೆರಾ ಕೈಗೆ ತೆಗೆದುಕೊಂಡ. ಲೆನ್ಸನ್ನು ಬೆಳಕಿಗೆ ಹಿಡಿದ. "ಇದನ್ನ ಒರೆಸಿದ್ದು ನೀನಾ?"

"ಇಲ್ಲ. ಹನಿ ಹಂಗೇ ಇದ್ವು. ಊಟ ಆದ್ಮೇಲೆ ಒರೆಸೋಣ ಅಂತ ಬಿಟ್ಟಿದ್ದೆ."

"ನೋಡಿಲ್ಲಿ, ಟವೆಲ್ ನೂಲು! ಹೊಟ್ಟೆಕಿಚ್ಚು ಐತೆ ಅಂತ ಇಟ್ಕೋ, ಆದ್ರೂ ನಾನು ಲೆನ್ಸನ್ನ ಟವೆಲ್ನಾಗೆ ಒರೆಸ್ತೀನೇನಮ್ಮ?"

ಅಷ್ಟು ಸಂಕಟದಲ್ಲೂ ಅವಳಿಗೆ ನಗು ಬಂತು. ಪರಮೇಶ್ ಅಲ್ಲ.

ಎರಡನೆಯವನು ಸುನೀತಾಳ ಸೋದರಮಾವನ ಮಗ ಸತೀಶ್ ಕುಮಾರ್. ಕುಡಿದು ಬ್ಯಾಂಡಿನ ಮುಂದೆ ಕುಣಿದು ಕೆಸರಲ್ಲಿ ಬಿದ್ದಿದ್ದ. ಆ ಫೋಟೊ ಅಳಿಸಿಬಿಡಿ ಎಂದು ಕೈಮುಗಿದಿದ್ದ. ಹುಡುಕಿದರೆ ಜಮಖಾನದ ಮೇಲೆ ಗೊರಕೆ ಹೊಡೆಯುತ್ತಿದ್ದ. ಅಂಗೈ ತುಂಬ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಅವಳ ಬಿಳಿ ಚೀಲದ ಮೇಲೆ ಒಂದು ಕಲೆಯೂ ಇರಲಿಲ್ಲ.

ಸಂಧ್ಯಾ ಮೆಟ್ಟಿಲ ಮೇಲೆ ಕೂತು ಯೋಚಿಸಿದಳು. ಕದ್ದವರಿಗೆ ಕ್ಯಾಮೆರಾ ಬೇಕಿರಲಿಲ್ಲ. ಯಾವುದೋ ಒಂದು ಫೋಟೊ ಹೊರಗೆ ಬರಬಾರದಿತ್ತು. ಯಾವುದು?

ಊಟಕ್ಕೆ ಮುಂಚೆ ಅವಳು ಹೆಂಗಸರಿಗೆ, ಸುನೀತಾ ಗಾಡಿ ಹತ್ತುವ ಮುನ್ನ ತೆಗೆದ ಕೊನೆಯ ಫೋಟೊ ತೋರಿಸಿದ್ದಳು. ಬಸವರಾಜಪ್ಪನವರ ತಲೆಗೆ ಬೀಗರು ಛತ್ರಿ ಹಿಡಿದಿದ್ದರು. ಪಕ್ಕದಲ್ಲಿ ಸುನೀತಾ ನಗುತ್ತಿದ್ದಳು. ಹಿಂದಿನಿಂದ ಇಣುಕಿದ ಬಸವರಾಜಪ್ಪ, ಯಾರೂ ಕೇಳದಿದ್ದರೂ, "ಮಳೆ ನೀರು ನನ್ನ ಮಕದ ಮ್ಯಾಲೆ ಬಿದ್ದೈತೆ" ಎಂದಿದ್ದರು.

ಅವಳು ಥಟ್ಟನೆ ಎದ್ದಳು.

*

ಬಸವರಾಜಪ್ಪ ಮಂಟಪದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಒಬ್ಬರೇ ಕೂತಿದ್ದರು.

"ಯಜಮಾನ್ರೆ, ಕಾರ್ಡ್ ನಿಮ್ಮ ಹತ್ರ ಐತೆ."

ಅವರು ಮಳೆಯಿಂದ ಕಣ್ಣು ತೆಗೆಯಲಿಲ್ಲ. "ಹೆಂಗೆ ಹೇಳ್ತಿ?"

"ಫೋಟೊದಾಗೆ ನೀವು ಛತ್ರಿ ಕೆಳಗಿದ್ರಿ. ಅಂಗಿ ಭುಜ ಒಣಗಿತ್ತು. ಮಳೆ ನೀರು ಮುಖಕ್ಕೆ ಮಾತ್ರ ಹೆಂಗೆ ಬೀಳ್ತೈತೆ? ಅದು ಕಣ್ಣೀರು. ಕಾರ್ಡ್ ಎಲ್ಲಿರ್ತೈತೆ ಅಂತ ಬೆಳಿಗ್ಗೆ ನಾನೇ ನಿಮಗೆ ತೋರಿಸಿದ್ದೆ. ಆಮೇಲೆ, ಕದ್ದೋರು ಕ್ಯಾಮೆರಾ ಒರೆಸಿ ಇಟ್ಟಿದಾರೆ. ಅಡಿಕೆಗೆ ತೇವ ತಗಲದಂಗೆ ಕಾಯ್ದು ರೂಢಿ ಆದೋರಿಗೆ ಒದ್ದೆ ಕಂಡ್ರೆ ಕೈ ಸುಮ್ನಿರಲ್ಲ."

ಹೆಗಲ ಮೇಲಿನ ಟವೆಲ್ಲನ್ನು ಅವರು ಮೆಲ್ಲಗೆ ಮಡಿಲಿಗೆ ಎಳೆದುಕೊಂಡರು. ಒಳಜೇಬಿಗೆ ಕೈ ಹಾಕಿ, ಕರ್ಚೀಫಿನಲ್ಲಿ ಸುತ್ತಿದ ಕಾರ್ಡನ್ನು ಹೊರತೆಗೆದರು.

"ಜಗಳೂರು ದೂರ ಅಂತ ಅಳ್ತಿದ್ಲಮ್ಮ. 'ನೀನು ಅತ್ರೆ ನಾನು ಗಾಡಿ ಹತ್ತಲ್ಲಪ್ಪ' ಅಂದಿದ್ಲು. ಅಳಲ್ಲ ಅಂತ ಮಾತು ಕೊಟ್ಟಿದ್ದೆ. ನಾಳೆ ಆಲ್ಬಮ್ ನೋಡಿ ಅಲ್ಲಿ ಕೊರಗಬಾರ್ದು ಅಂತ... ಅದೊಂದನ್ನೇ ಅಳಿಸಾಕೆ ನನಗೆ ಬರ್ಲಿಲ್ಲ. ಯಾರನ್ನ ಕೇಳ್ಲಿ?"

"ನನ್ನ ಕೇಳಬೇಕಿತ್ತು. ನನ್ನ ಜೀವವೇ ಹೋದಂಗಾಗಿತ್ತು."

"ತಪ್ಪಾಯ್ತು ತಾಯಿ."

ಅವಳ ಸಿಟ್ಟು ಅಲ್ಲಿಗೆ ಇಳಿಯಿತು. ಕಾರ್ಡ್ ಹಾಕಿ ಆ ಫೋಟೊಗೆ ಬಂದಳು. ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟವಳು ನಿಲ್ಲಿಸಿದಳು. ಚಿತ್ರವನ್ನು ದೊಡ್ಡದು ಮಾಡಿದಳು.

"ಇಲ್ನೋಡ್ರಿ."

ಸುನೀತಾ ನಗುತ್ತಿದ್ದಳು, ನಿಜ. ಆದರೆ ಅವಳ ದೃಷ್ಟಿ ಕ್ಯಾಮೆರಾ ಕಡೆಗಿರಲಿಲ್ಲ. ಅಪ್ಪನ ಒದ್ದೆ ಕೆನ್ನೆಯ ಮೇಲಿತ್ತು. ಅವಳ ಕಣ್ಣೂ ತುಂಬಿತ್ತು.

"ಅವಳು ಆಗ್ಲೇ ನೋಡಿದಾಳೆ ಯಜಮಾನ್ರೆ. ನೋಡಿಯೇ ಗಾಡಿ ಹತ್ತಿದಾಳೆ."

ಬಸವರಾಜಪ್ಪ ಬಹಳ ಹೊತ್ತು ನೋಡಿದರು.

"ಅಳಿಸಬ್ಯಾಡ. ದೊಡ್ಡದು ಮಾಡಿ ಕಟ್ಟು ಹಾಕಿಸಿ ಕೊಡು."

ಟವೆಲ್ಲನ್ನು ಮತ್ತೆ ಹೆಗಲಿಗೆ ಹಾಕಿಕೊಳ್ಳುತ್ತ ಅಂದರು: "ಜಗಳೂರಿಗೂ ಒಂದು."