ಹಸಿ ವಾರ್ನಿಷ್ ಮೇಲಿನ ಲೋಟ

ಪಾಲಿಶ್ ಮೇಸ್ತ್ರಿ ತನ್ನ ಕೆಲಸದ ಕೋಣೆಯಲ್ಲಿ ಸತ್ತು ಬಿದ್ದಿದ್ದ. ಪಕ್ಕದಲ್ಲಿ ಆಗಷ್ಟೇ ವಾರ್ನಿಷ್ ಬಳಿದ ಮೇಜು, ಅದರ ಮೇಲೆ ಚಹಾದ ಲೋಟ, ಲೋಟದ ತಳದಲ್ಲಿ ವಿಷ. ಚಹಾ ಮಾಡಿದವಳು ಹೆಂಡತಿ. ಇನ್ಸ್‌ಪೆಕ್ಟರ್ ಆಕೆಯನ್ನು ಜೀಪು ಹತ್ತಿಸುವ ತಯಾರಿಯಲ್ಲಿದ್ದರು.

ಆಗ ಬಂದರು ಎದುರುಮನೆಯ ಲಾಯರಮ್ಮ, ಬೆನ್ನಿಗೆ ಕನ್ನಡಕದಂಗಡಿಯ ತಮ್ಮ. ಅಕ್ಕ ಕಗ್ಗಂಟು ಬಿಡಿಸುವುದನ್ನು ನೋಡುವುದೆಂದರೆ ತಮ್ಮನಿಗೆ ಎಲ್ಲಿಲ್ಲದ ಹುರುಪು. ಅಂದು ಮಾತ್ರ ಒಳಗೆ ಕಾಲಿಡುತ್ತಲೇ ಆ ಹುರುಪು ಇಳಿಯಿತು. ಸಾವಿನ ಮನೆಯಲ್ಲಿ ಒಬ್ಬರೂ ಅಳುತ್ತಿರಲಿಲ್ಲ.

ಎಂದಿನಂತೆ ಲೋಟವನ್ನು ಬಾಗಿಲಾಚೆ ಸ್ಟೂಲಿನ ಮೇಲಿಟ್ಟು ಮಾರುಕಟ್ಟೆಗೆ ಹೋಗಿದ್ದೆ ಎಂದಳು ಹೆಂಡತಿ. ವಾರ್ನಿಷ್ ಹಸಿಯಿದ್ದಾಗ ಧೂಳು ಕೂರುತ್ತದೆಂದು ಮೇಸ್ತ್ರಿ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ತಾನೇ ಹೊರಬಂದು, ನಿಂತೇ ಕುಡಿದು ಹೋಗುತ್ತಿದ್ದ. ಬೆಳಿಗ್ಗೆ ಅಣ್ಣನನ್ನು ನೋಡಲು ಬಂದಿದ್ದ ಮೈದುನ, ಬಿದ್ದ ಸದ್ದು ಕೇಳಿ ಕಿಟಕಿಯಿಂದ ಇಣುಕಿದೆ, ಒಳಗೆ ಹೋಗಲೇ ಇಲ್ಲ ಎಂದ. ಚಳಿಗೆ ನಡುಗುತ್ತಿದ್ದರೂ ಅವನ ಅಂಗಿಯ ಒಂದು ತೋಳು ಮೊಣಕೈವರೆಗೆ ಮಡಚಿತ್ತು. ಪಾಪ, ದುಃಖದಲ್ಲಿ ಮೈಮೇಲೆ ಎಚ್ಚರವಿಲ್ಲ ಅಂದುಕೊಂಡ ಕನ್ನಡಕದವನು.

ಲಾಯರಮ್ಮ ಎಲ್ಲರನ್ನೂ ಕೋಣೆಯ ಬಾಗಿಲ ಬಳಿ ನಿಲ್ಲಿಸಿಕೊಂಡರು. ಕರವಸ್ತ್ರದಲ್ಲಿ ಹಿಡಿದು ಲೋಟ ಎತ್ತಿದರು. ಅಡಿಯಲ್ಲಿ ದುಂಡನೆಯ ಗುರುತು ಅಚ್ಚೊತ್ತಿದಂತೆ ಕೂತಿತ್ತು.

"ಮೂವತ್ತು ವರ್ಷ ಇದೇ ಕಸುಬು ಮಾಡಿದವನು ಹಸಿ ವಾರ್ನಿಷ್ ಮೇಲೆ ಲೋಟ ಇಡ್ತಾನಾ? ಅವನ ಜೊತೆ ಬಾಳಿದವಳು ಇಡ್ತಾಳಾ? ಅವನು ಹೊರಗೇ ಕುಡಿದಿದಾನೆ, ಒಳಗೆ ಹೋಗಿ ಬಿದ್ದಿದಾನೆ. ಲೋಟ ಸ್ಟೂಲಿನ ಮೇಲೇ ಇದ್ದಿದ್ರೆ ಯಾರು ಬೇಕಾದ್ರೂ ವಿಷ ಹಾಕಿರಬಹುದು ಅಂತಾಗ್ತಿತ್ತು. ಒಳಗಿದ್ರೆ ಕೈಯಾರೆ ಕೊಟ್ಟ ಹೆಂಡತಿ ಮೇಲೇ ಅನುಮಾನ. ಅದಕ್ಕೇ ಯಾರೋ ತಂದಿಟ್ಟಿದಾರೆ."

ಅದರಿಂದ ಯಾರಿಗೇನು ಲಾಭ ಎಂದರು ಇನ್ಸ್‌ಪೆಕ್ಟರ್. ಲಾಯರಮ್ಮ ಬಿಡಿಸಿ ಹೇಳಿದರು. ಮಕ್ಕಳಿಲ್ಲ, ಹೆತ್ತವರಿಲ್ಲ, ಉಯಿಲಿಲ್ಲ, ಕಾನೂನಿನಂತೆ ಮನೆ ಹೆಂಡತಿಗೆ. ಮೇಸ್ತ್ರಿ ಸತ್ತ ಮಾತ್ರಕ್ಕೆ ಮೈದುನನಿಗೆ ಕವಡೆಯೂ ಸಿಗದು. ಆದರೆ ಕೊಂದವರಿಗೆ ಸತ್ತವರ ಆಸ್ತಿ ದಕ್ಕುವುದಿಲ್ಲ. ಅತ್ತಿಗೆ ಕೊಲೆಗಾತಿ ಎಂದಾದರೆ ಇಡೀ ಮನೆ ಒಬ್ಬನೇ ಒಡಹುಟ್ಟಿದವನಾದ ಅವನದೇ.

"ಲೋಟದ ಪಕ್ಕ ಬಟ್ಟೆ ಎಳೆದ ಗುರುತೂ ಇದೆ," ಎಂದು ಅವರು ಮೈದುನನ ಕಡೆ ತಿರುಗಿದರು. "ಆ ತೋಳು ಸ್ವಲ್ಪ ಬಿಡಿಸಪ್ಪ."

ಅವನು ಬಿಡಿಸಲಿಲ್ಲ. ಇನ್ಸ್‌ಪೆಕ್ಟರೇ ಬಿಡಿಸಿದರು. ತೋಳಿನ ತುದಿಯಲ್ಲಿ ಕಂದು ವಾರ್ನಿಷ್ ಇನ್ನೂ ಅಂಟಂಟಾಗಿ ಹೊಳೆಯುತ್ತಿತ್ತು. ಬದಲಾಯಿಸಲು ಅವನ ಬಳಿ ಬೇರೆ ಅಂಗಿ ಇರಲಿಲ್ಲ. ಊರಿಗೆಲ್ಲ ಕನ್ನಡಕ ಮಾರುವವನಿಗೆ ತನ್ನ ಕಣ್ಣಿನ ಬಗ್ಗೆಯೇ ನಾಚಿಕೆಯಾಯಿತು.

ಮೈದುನನನ್ನು ಕರೆದೊಯ್ದರು. ಶವವನ್ನೂ ಹೊರಗೆ ತಂದರು. ಇನ್ನು ಈ ಮನೆಯಿಂದ ನಿಮ್ಮನ್ನು ಯಾರೂ ಎಬ್ಬಿಸಲಾರರು ಎಂದು ಲಾಯರಮ್ಮ ಧೈರ್ಯ ಹೇಳಿದರು. ಹೆಂಡತಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಅವಳು ತೆರೆದೇ ಇದ್ದ ಕೋಣೆಯ ಬಾಗಿಲನ್ನು ನೋಡುತ್ತಿದ್ದಳು.

"ಬಾಗಿಲು ಹಾಕಿ, ಅಣ್ಣಾ," ಎಂದಳು ಕನ್ನಡಕದವನಿಗೆ. "ಧೂಳು ಕೂತ್ರೆ ಅವರು ಬೈತಾರೆ."

ಆಗ ಅವಳಿಗೆ ಅಳು ಬಂತು.