ಲೆಕ್ಕದಿಂದ ಬಿಟ್ಟ ನಾಲ್ಕು ನಿಮಿಷ

ಹಸಿರು ಚುಕ್ಕೆ ವಿಮಾನದಿಂದ ಇಳಿದು ನಡೆಯತೊಡಗಿತು. ಧಾರವಾಡದ ಮನೆಯ ಪಡಸಾಲೆಯಲ್ಲಿ ಕುಳಿತು ಡಾ. ಸಿಂಚನಾ ಬೆಲ್ಲದ ಅದನ್ನು ಫೋನಿನಲ್ಲಿ ನೋಡುತ್ತಿದ್ದಳು. ಆ ಚುಕ್ಕೆ ಅವಳ ಚಿಗವ್ವ ಶಿವಲೀಲಾ, ತಾಯಿಯ ತಂಗಿ; ಗುವಾಹಟಿಯಿಂದ ಹೊರಟು, ನಡುವೆ ಒಂದು ದೊಡ್ಡ ನಿಲ್ದಾಣದಲ್ಲಿ ವಿಮಾನ ಬದಲಿಸಿ, ಹುಬ್ಬಳ್ಳಿಗೆ ಬರಬೇಕಾಗಿದ್ದ ಎಪ್ಪತ್ತನಾಲ್ಕು ವರ್ಷದ ಹೆಂಗಸು. ಬದಲಿಸಲು ಅವಳಿಗೆ ಸಿಕ್ಕಿದ್ದು ಹತ್ತೊಂಬತ್ತು ನಿಮಿಷ. ಅದನ್ನು ಗೊತ್ತುಮಾಡಿದ್ದು ಅಂತರಮಾಪಕ. ಅಂತರಮಾಪಕವನ್ನು ಕಂಡುಹಿಡಿದವಳು ಸಿಂಚನಾ.

ಮಣಿಕಟ್ಟಿಗೆ ಕಟ್ಟಿಕೊಳ್ಳುವ ಆ ತೆಳು ಪಟ್ಟಿ ಒಬ್ಬೊಬ್ಬರ ನಡಿಗೆ, ಉಸಿರು, ಮೆಟ್ಟಿಲು ಹತ್ತುವ ವೇಗ ಎಲ್ಲವನ್ನೂ ವಾರಗಟ್ಟಲೆ ಅಳೆದು, ಎರಡು ವಿಮಾನಗಳ ನಡುವೆ ಆ ಮನುಷ್ಯನಿಗೆ ಎಷ್ಟು ನಿಮಿಷ ಬೇಕೋ ಅಷ್ಟನ್ನೇ ಲೆಕ್ಕ ಹಾಕುತ್ತಿತ್ತು. ಕಟ್ಟಿಕೊಂಡವರು ಎಲ್ಲಿದ್ದಾರೆಂದು ಮನೆಯವರ ಫೋನಿನಲ್ಲಿ ಚುಕ್ಕೆಯಾಗಿ ತೋರಿಸುತ್ತಿತ್ತು, ನಡುದಾರಿಯಲ್ಲಿ ನಿಂತರೆ ಝುಂ ಎಂದು ಎಚ್ಚರಿಸುತ್ತಿತ್ತು. ೨೦೬೧ರ ಹೊತ್ತಿಗೆ ನಿಲ್ದಾಣಗಳಲ್ಲಿ ಕಾಯುವುದೆಂಬುದೇ ಇರಲಿಲ್ಲ. ಕುರ್ಚಿಗಳನ್ನು ಕಿತ್ತು ಆ ಜಾಗದಲ್ಲಿ ಇನ್ನಷ್ಟು ಗೇಟು ಕಟ್ಟಿದ್ದರು. ಸಿಂಚನಾಳಿಗೆ ಪ್ರಶಸ್ತಿಯ ಮೇಲೆ ಪ್ರಶಸ್ತಿ ಬಂದಿತ್ತು, ತಲೆಯೂ ಸ್ವಲ್ಪ ತಿರುಗಿತ್ತು ಎಂದರೆ ಸುಳ್ಳಲ್ಲ.

ಹಿಂದಿನ ಸಂಜೆ ಅವಳ ತಾಯಿ ತೀರಿಕೊಂಡಿದ್ದಳು. ಫೋನಿನಲ್ಲಿ ಅತ್ತು ಮುಗಿಸಿ ಚಿಗವ್ವ ಕೇಳಿದ್ದು ಒಂದೇ. "ಮಣ್ಣು ಕೊಡೂದರೊಳಗ ಅಕ್ಕನ ಮಾರಿ ಒಂದ್ಸಲ ನೋಡಬೇಕವ್ವಾ. ನಡುವ ಮೂರು ತಾಸು ಇರೋ ಹಂಗ ಟಿಕೀಟ ತಗಿ. ನಸುಕಿನ್ಯಾಗ ಎದ್ದು ಹೊಂಡತೀನಿ."

"ಮೂರು ತಾಸು ಎಲ್ಲಿ ಕೂಡ್ತಿ ಚಿಗವ್ವಾ? ಅಲ್ಲಿ ಕೂಡಾಕ ಜಾಗಾನ ಇಲ್ಲ. ಹತ್ತೊಂಬತ್ತು ನಿಮಿಷ ಸಾಕು. ನನ್ನ ಮಷಿನ್ ಇವತ್ತಿನ ತನಕ ತಪ್ಪಿಲ್ಲ."

"ನೀ ಶಾಣ್ಯಾಕಿ. ನೀ ಹೇಳಿದ ಮ್ಯಾಲ ಮುಗೀತು ಬಿಡು."

ಒಂಬತ್ತನೆಯ ನಿಮಿಷಕ್ಕೆ ಚುಕ್ಕೆ ನಿಂತಿತು. ಸುತ್ತ ನೂರಾರು ಚುಕ್ಕೆಗಳು ಹರಿಯುತ್ತಿದ್ದವು. ಇದೊಂದು ನಿಂತಲ್ಲೇ ಇತ್ತು. ಫೋನ್ ಮಾಡಿದರೆ ಎತ್ತಲಿಲ್ಲ. ಹತ್ತು ನಿಮಿಷದ ಮೇಲೆ ಅದು ಮತ್ತೆ ಅಲುಗಾಡಿದಾಗ ಹುಬ್ಬಳ್ಳಿಯ ವಿಮಾನದ ಬಾಗಿಲು ಮುಚ್ಚಿತ್ತು. ಇನ್ನೊಂದರಲ್ಲಿ ಜಾಗ ಸಿಕ್ಕಿದ್ದು ಸಂಜೆಗೆ. ಯಾರೂ ವಿಮಾನ ತಪ್ಪಿಸಿಕೊಳ್ಳದ ಕಾಲದಲ್ಲಿ ಖಾಲಿ ಸೀಟು ಯಾರು ಇಡುತ್ತಾರೆ?

ಮನೆಯವರು ಹೊತ್ತು ಇಳಿಯುವ ತನಕ ಕಾದರು. ಕಡೆಗೆ ಸೋದರಮಾವ ಹತ್ತಿರ ಬಂದು, "ಇನ್ನ ಇಡಾಕ ಬರಂಗಿಲ್ಲವ್ವಾ, ಹೊತ್ತು ಮುಳಗತೈತಿ. ಏಳು," ಎಂದ. ಸಿಂಚನಾ ಫೋನ್ ಹಿಡಿದುಕೊಂಡೇ ಎದ್ದಳು.

ಚಿಗವ್ವ ಬಂದಾಗ ಎಲ್ಲ ಮುಗಿಸಿ ಮನೆಗೆ ಮರಳಿದ್ದರು. ಅವಳ ಮೊಣಕಾಲು ತರಚಿತ್ತು, ಅಷ್ಟೆ.

"ಸೀರಿ ಕಾಲಾಗ ಸಿಕ್ಕು ಬಿದ್ದೆ. ಮುರಿದಿರಲಿಲ್ಲ ಏನಿಲ್ಲ, ಹಿಡಕೊಂಡು ಏಳಾಕ ಒಂದು ಕೈ ಬೇಕಾಗಿತ್ತು. ಒಬ್ಬ ಹುಡಿಗಿ ಬಗ್ಗಿದ್ಲು. ಅಕಿ ಕೈಯಾಗಿನ ಪಟ್ಟಿ ಝುಂ ಅಂತು. 'ಸಾರಿ ಆಂಟಿ' ಅಂದು ಓಡಿದ್ಲು. ಕಡೀಕ ಕಸಾ ಗುಡಿಸೋ ಆಕಿ ಬಂದು ಎಬ್ಬಿಸಿದ್ಲು, ಅಕಿ ಕೈಯಾಗ ಪಟ್ಟಿ ಇರಲಿಲ್ಲ ನೋಡು. ಆ ಹುಡಿಗಿನ್ನ ಬೈಯಬ್ಯಾಡ. ಅಕಿಗೂ ಯಾರರ ಕಾಯ್ತಿರಬೇಕು."

ಚಿಗವ್ವ ಬೈದಿದ್ದರೆ ಸಿಂಚನಾಳ ಮನಸ್ಸು ಹಗುರಾಗುತ್ತಿತ್ತು. ಮೂರನೆಯ ದಿನ ಅವಳು ಹದಿನಾಲ್ಕು ವರ್ಷ ಹಿಂದಿನ ಪ್ರಯೋಗದ ಕಡತ ತೆರೆದಳು. ಆಗ ಸಾವಿರಾರು ಪ್ರಯಾಣಿಕರನ್ನು ಅಳೆದಾಗ ಸರಾಸರಿ ನಾಲ್ಕು ನಿಮಿಷ ಯಾವ ಲೆಕ್ಕಕ್ಕೂ ಸೇರದೆ ಉಳಿದಿತ್ತು. ನಡಿಗೆಗೂ ಅಲ್ಲ, ತಪಾಸಣೆಗೂ ಅಲ್ಲ. ಕಾರಣ ಸಿಗದ ಇಂಥ ಉಳಿಕೆಯನ್ನು ವಿಜ್ಞಾನಿಗಳು 'ಗದ್ದಲ' ಎಂದು ಕರೆದು ಬಿಟ್ಟುಬಿಡುತ್ತಾರೆ, ಅವಳೂ ಬಿಟ್ಟಿದ್ದಳು. ಈಗ ಆ ದಿನಗಳ ಕ್ಯಾಮೆರಾ ಚಿತ್ರಗಳನ್ನು ಒಂದೊಂದಾಗಿ ನೋಡಿದಳು. ಯಾರೋ ಯಾರದೋ ಕೂಸನ್ನು ಎತ್ತಿಕೊಂಡು ನಿಂತಿದ್ದರು, ತಾಯಿ ಮುಖ ತೊಳೆದು ಬರುವ ತನಕ. ಒಬ್ಬ ಹುಡುಗ ಗುರುತಿಲ್ಲದ ಮುದುಕನ ಫಾರಂ ತುಂಬಿಕೊಡುತ್ತಿದ್ದ. ಇನ್ನೊಬ್ಬಳು ಚೆಲ್ಲಿಹೋದ ಮಾತ್ರೆಗಳನ್ನು ನೆಲದಿಂದ ಆರಿಸಿಕೊಡುತ್ತಿದ್ದಳು. ಆ ನಾಲ್ಕು ನಿಮಿಷವೆಂದರೆ ಇವರೇ ಆಗಿದ್ದರು.

ಆ ನಿಮಿಷಗಳನ್ನು ಮತ್ತೆ ಲೆಕ್ಕಕ್ಕೆ ಸೇರಿಸಿ ಎಂದು ಅವಳು ವಿಮಾನಯಾನದ ಅಧಿಕಾರಿಗಳ ಮುಂದೆ ಗೋಗರೆದಳು. ಅವರಲ್ಲಿ ಹಿರಿಯನೊಬ್ಬ ಸಮಾಧಾನದಿಂದಲೇ ಹೇಳಿದ: "ಮೇಡಂ, ನಿಮ್ಮ ಲೆಕ್ಕ ನಂಬ್ಕೊಂಡೇ ಇಷ್ಟೆಲ್ಲಾ ಕಟ್ಟಿದೀವಿ. ಈಗ ನಾಲ್ಕು ನಿಮಿಷ ಜಾಸ್ತಿ ತೋರಿಸಿದ್ರೆ ಜನಾನೇ ಆ ವಿಮಾನ ಬಿಟ್ಟು, ಕಡಿಮೆ ಹೊತ್ತು ತೋರಿಸೋದನ್ನ ಹತ್ತುತಾರೆ." ಅದು ನಿಜವೆಂದು ಅವಳಿಗೂ ಗೊತ್ತಿತ್ತು.

ಗುವಾಹಟಿಗೆ ಹೊರಡುವ ಮುನ್ನಾದಿನ ಚಿಗವ್ವ ಅವಳನ್ನು ಪಕ್ಕದಲ್ಲಿ ಕೂಡಿಸಿಕೊಂಡಳು. "ನನಗಂತೂ ನೋಡಾಕ ಆಗಲಿಲ್ಲ. ನೀ ಇದ್ದೆಲ್ಲಾ, ಹೇಳು. ಕಡೀಕ ಅಕ್ಕನ ಮಾರಿ ಹೆಂಗಿತ್ತು?"

ಸಿಂಚನಾ ಬಾಯಿ ತೆರೆದಳು. ಆ ದಿನವಿಡೀ ಪಡಸಾಲೆಯಲ್ಲಿ ತಾಯಿಯ ತಲೆಯ ಹತ್ತಿರವೇ ಕುಳಿತಿದ್ದಳು. ಎಷ್ಟು ನೆನೆದರೂ ಮುಖ ಕಣ್ಣಿಗೆ ಬರಲಿಲ್ಲ.

"ನಾನೂ ನೋಡಲಿಲ್ಲ ಚಿಗವ್ವಾ," ಎಂದು ಅವಳು ಬಿಕ್ಕಿದಳು. "ಎತ್ತೂತನಕ ಫೋನ್ ನೋಡಕೋತ ಕುಂತಿದ್ದೆ."

ಇದೆಲ್ಲ ಇನ್ನೂ ನಡೆದಿಲ್ಲ. ಇವತ್ತಿಗೂ ನಾವು ಎರಡು ವಿಮಾನಗಳ ನಡುವೆ ಸಿಕ್ಕಿಬಿದ್ದು, ಹೊತ್ತು ಹೋಗುವುದಿಲ್ಲವೆಂದು ಗೊಣಗುತ್ತಾ ಕೂಡುತ್ತೇವೆ. ಯಾರೋ ಬಂದು ಟಿಕೆಟ್ ಮುಂದೆ ಹಿಡಿದು ಇದು ಯಾವ ಕಡೆ ಎಂದು ಕೇಳಿದರೆ, ಎದ್ದು ಅವರ ಜೊತೆ ಗೇಟಿನ ತನಕ ಹೋಗಿಬರುವಷ್ಟು ಹೊತ್ತು ನಮ್ಮಲ್ಲಿ ಇನ್ನೂ ಇದೆ.